ಲಗ್ನದ ಅವಸರಕ್ಕೆ ಬಂಗು ಕರಗುವುದಿಲ್ಲ

ಸಂಕ್ರಾಂತಿ ಮುಗಿದು ಲಗ್ನದ ಹಂಗಾಮ ಶುರುವಾಯಿತೆಂದರೆ ಹುಬ್ಬಳ್ಳಿಯ ನಮ್ಮ ಚರ್ಮದ ಕ್ಲಿನಿಕ್‌ನಲ್ಲಿ ಒಂದೇ ಮಾತು: "ಡಾಕ್ಟರ, ಮುಂದಿನ ತಿಂಗಳ ಲಗ್ನ ಐತ್ರಿ, ಅಷ್ಟರೊಳಗ ಬಂಗು ಹೋಗಬೇಕ್ರಿ." ಮೊದಲೆಲ್ಲ ಮದುಮಗಳನ್ನು ಅವ್ವ ಕರಕೊಂಡು ಬಂದು, ಮಗಳು ಬೆಳ್ಳಗಾಗಬೇಕು ಎಂದು ತಾನೇ ಕೇಳುತ್ತಿದ್ದಳು. ಈಗ ಮದುಮಗನೂ ಬರುತ್ತಾನೆ, ಫೋನ್ ತೆಗೆದು ರೀಲ್ಸ್ ತೋರಿಸುತ್ತಾನೆ, ಗ್ಲೋ ಬೇಕೆನ್ನುತ್ತಾನೆ. 1975ರ ಫೇರ್ ಅಂಡ್ ಲವ್ಲಿ ಕೂಡ 2020ರಲ್ಲಿ ಗ್ಲೋ ಅಂಡ್ ಲವ್ಲಿ ಆಯಿತಲ್ಲ. ಅವಸರ ಮಾತ್ರ ಅಷ್ಟೇ ಇದೆ, ಹೆಚ್ಚೇ ಆಗಿದೆ ಎನ್ನಬೇಕು.

ನಮ್ಮ ಕೈಗೆ ಬಂದ ಸಲಕರಣೆಗಳೇನೂ ಕಡಿಮೆಯಲ್ಲ. ಮೆಳ್ಳೆಗಣ್ಣಿನ ಚಿಕಿತ್ಸೆಗೆ ಬಳಸುತ್ತಿದ್ದ ಬೊಟಾಕ್ಸ್ ಇಂಜೆಕ್ಷನ್‌ಗೆ 2002ರಲ್ಲಿ ಹುಬ್ಬಿನ ನಡುವಿನ ಗೆರೆಗಳಿಗೂ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಇಂದು ಅದಕ್ಕಾಗಿ ನಮ್ಮವರು ಬೆಂಗಳೂರಿಗೆ ಹೋಗಬೇಕಿಲ್ಲ. ಲೇಸರ್‌ನ ವಿಷಯ ಸ್ವಲ್ಪ ಬೇರೆ. ಅದು ಚರ್ಮದ ಕಪ್ಪು ವರ್ಣದ್ರವ್ಯವಾದ ಮೆಲನಿನ್ ಅನ್ನು ಹುಡುಕಿ ಬಿಸಿ ಮಾಡುತ್ತದೆ. ಬಿಳಿ ಚರ್ಮದಲ್ಲಿ ಆ ಗುರಿ ಸಲೀಸು. ನಮ್ಮ ಕಂದು ಚರ್ಮದಲ್ಲಿ ಕಲೆಯಲ್ಲೂ ಮೆಲನಿನ್, ಸುತ್ತಲಿನ ಒಳ್ಳೆಯ ಚರ್ಮದಲ್ಲೂ ಮೆಲನಿನ್. ಶಕ್ತಿ ಕೊಂಚ ಹೆಚ್ಚಾದರೆ ಸುಟ್ಟ ಜಾಗ ಬಂಗಿಗಿಂತ ಕಪ್ಪಗಾಗುತ್ತದೆ. ಅದಕ್ಕೇ 1064 ನ್ಯಾನೊಮೀಟರ್ ತರಂಗದ ಲೇಸರ್ ನಮಗೆ ಹೆಚ್ಚು ಸುರಕ್ಷಿತ. ಮೇಲ್ಪದರದ ಮೆಲನಿನ್ ಅದನ್ನು ಕಡಿಮೆ ಹೀರುತ್ತದೆ. ಅಷ್ಟಾಗಿಯೂ ಬಂಗು ಮರಳಿ ಬರುತ್ತದೆ. ಲೇಸರ್ ಹೊಡೆದರೆ ಮುಗಿಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನನ್ನನ್ನು ಹೆಚ್ಚು ಕಾಡುವುದು ಅಂಗಡಿಯಲ್ಲಿ ಸಿಗುವ ಮುಲಾಮಿನ ಟ್ಯೂಬ್. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುವ ಕೆಲಸದ ಹೆಣ್ಣುಮಗಳೊಬ್ಬಳು ಬಂದಿದ್ದಳು. ಚೀಲದಿಂದ ತೆಗೆದ ಟ್ಯೂಬನ್ನು ಬುಡದಿಂದ ಸುರುಳಿ ಸುತ್ತಿ ಕೊನೆಯ ಹನಿವರೆಗೂ ಹಿಂಡಿದ್ದಳು. ಚರ್ಮವನ್ನು ದೊಡ್ಡದಾಗಿ ತೋರಿಸುವ ಡರ್ಮೋಸ್ಕೋಪ್ ಇಟ್ಟು ನೋಡಿದೆ. ಕೆನ್ನೆಯ ಚರ್ಮ ತೆಳುವಾಗಿ ಕೆಳಗಿನ ರಕ್ತನಾಳಗಳು ಕೆಂಪು ಎಳೆ ಎಳೆಯಾಗಿ ಕಾಣುತ್ತಿದ್ದವು. ಗದ್ದದ ಮೇಲೆ ನವಿರು ಕೂದಲು, ಹಣೆಯ ತುಂಬ ಗುಳ್ಳೆ, ಬಂಗು ಇದ್ದಲ್ಲೇ ಇತ್ತು. "ಹಚ್ಚೂದು ಬಿಟ್ರ ಮಾರಿ ಬೆಂಕಿ ಬಿದ್ದಂಗ ಉರಿತೈತ್ರಿ" ಎಂದಳು.

ಆ ಟ್ಯೂಬಿನಲ್ಲಿದ್ದದ್ದು ಬಣ್ಣ ತಿಳಿ ಮಾಡುವ ಹೈಡ್ರೋಕ್ವಿನೋನ್, ಚರ್ಮದ ಮೇಲ್ಪದರ ಬೇಗ ಬದಲಿಸುವ ಟ್ರೆಟಿನಾಯಿನ್, ಜೊತೆಗೆ ಉರಿಯೂತ ತಗ್ಗಿಸುವ ಒಂದು ಸ್ಟೀರಾಯ್ಡ್. ಅಮೆರಿಕದ ಚರ್ಮತಜ್ಞ ಕ್ಲಿಗ್ಮನ್ 1975ರಲ್ಲಿ ಕೊಟ್ಟ ಸೂತ್ರದ ವಂಶದ್ದು. ವೈದ್ಯರ ಕಣ್ಣೆದುರು ಕೆಲವು ವಾರ ಹಚ್ಚಿದರೆ ಒಳ್ಳೆಯ ಔಷಧಿ, ನಾನೂ ಬರೆಯುತ್ತೇನೆ. ಆಕೆ ಅದನ್ನು ಚೀಟಿಯಿಲ್ಲದೆ ಕೊಂಡು ವರ್ಷಗಟ್ಟಲೆ ಸ್ನೋದಂತೆ ಬಳಿದುಕೊಂಡಿದ್ದಳು. 2018ರಲ್ಲೇ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಮುಲಾಮುಗಳನ್ನು ಶೆಡ್ಯೂಲ್ ಎಚ್‌ಗೆ ಸೇರಿಸಿದೆ, ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಅಂಗಡಿಯ ಕಟ್ಟೆಯ ಮೇಲೆ ಕೇಳಿದರೆ ಸಿಗುತ್ತದೆ. ಇದು ನನಗೆ ಸಿಟ್ಟು ತರಿಸುವ ಸಂಗತಿ.

ಟ್ಯೂಬ್ ಹಚ್ಚುವುದನ್ನು ಬಿಟ್ಟ ಮೊದಲ ವಾರಗಳಲ್ಲಿ ಮುಖ ಕೆಂಪಾಗಿ ಉರಿಯುತ್ತದೆ ಎಂದು ಮುಂಚೆಯೇ ಹೇಳಿದೆ. ಹೇಳದೆ ಬಿಡಿಸಿದರೆ ಮೂರನೇ ದಿನಕ್ಕೇ ಮತ್ತೆ ಟ್ಯೂಬ್ ಕೊಳ್ಳುತ್ತಾರೆ. ಬಿಸಿಲು, ಬಸಿರು, ಗರ್ಭನಿರೋಧಕ ಗುಳಿಗೆ, ಮನೆತನದಿಂದ ಬಂದ ಗುಣ, ಇವೆಲ್ಲ ಬಂಗಿಗೆ ಕಾರಣ. ಕಣ್ಣಿಗೆ ಕಾಣುವ ಬೆಳಕೂ ಕಂದು ಚರ್ಮವನ್ನು ಕಪ್ಪಾಗಿಸುತ್ತದೆ, ಅದನ್ನು ತಡೆಯಲು ಐರನ್ ಆಕ್ಸೈಡ್ ಇರುವ, ಮೈಬಣ್ಣದ ಛಾಯೆಯ ಸನ್‌ಸ್ಕ್ರೀನ್ ಬೇಕು. ದಿನಗೂಲಿಯಲ್ಲಿ ಅದು ತುಟ್ಟಿ. ಹಾಗಾಗಿ ಆಕೆಗೆ ನೆರಳಲ್ಲಿ ಕೂರುವ ಜಾಗ ಕೇಳಿಕೊಳ್ಳಲು, ಸೆರಗನ್ನು ಹಣೆ ಮುಚ್ಚುವಂತೆ ಹೊದೆಯಲು ಹೇಳಿದೆ. ಉರಿ ಇಳಿಯಲು ತಿಂಗಳುಗಳೇ ಹಿಡಿದವು. ಬಂಗು ಪೂರ್ತಿ ಹೋಗಲಿಲ್ಲ, ತಿಳಿಯಾಯಿತು.

ಬೆಳ್ಳಗಾಗಲು ಗ್ಲುಟಾಥಯೋನ್ ಇಂಜೆಕ್ಷನ್ ಕೇಳುವವರನ್ನು ವಾಪಸ್ ಕಳಿಸುತ್ತೇನೆ. ಚರ್ಮ ಬಿಳಿ ಮಾಡಲು ಅದಕ್ಕೆ ನಮ್ಮ ದೇಶದಲ್ಲಿ ಅನುಮತಿಯೇ ಇಲ್ಲ.

ಕೆನ್ನೆ, ತುಟಿ ತುಂಬಿಕೊಳ್ಳಲು ಚುಚ್ಚುವ ಫಿಲ್ಲರ್ ಹಾಕಿಸುವವರು ಒಂದು ಪ್ರಶ್ನೆ ತಪ್ಪದೆ ಕೇಳಿ: ಹಯಲುರಾನಿಡೇಸ್ ಕ್ಲಿನಿಕ್‌ನಲ್ಲಿ ಇದೆಯೇ? ಹಯಲುರಾನಿಕ್ ಆಸಿಡ್ ಫಿಲ್ಲರ್ ರಕ್ತನಾಳಕ್ಕೆ ಹೊಕ್ಕು ಅಡ್ಡಗಟ್ಟಿದರೆ ಚರ್ಮ ಕೊಳೆಯಬಹುದು, ಅಪರೂಪಕ್ಕೆ ದೃಷ್ಟಿಯೂ ಹೋಗಬಹುದು. ಕೂಡಲೇ ಅದನ್ನು ಕರಗಿಸುವ ಔಷಧಿ ಇದೇ. ಚುಚ್ಚುವವರು ವೈದ್ಯರೇ ಎಂಬುದನ್ನೂ ಕೇಳಿ, ಸಂಕೋಚ ಬೇಡ. ಬಂಗಿಗೆ ತೋರಿಸಲು ಬರುವವರು ಇದುವರೆಗೆ ಹಚ್ಚಿದ ಟ್ಯೂಬ್‌ಗಳನ್ನೆಲ್ಲ, ಖಾಲಿಯಾದವನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಬನ್ನಿ. ಲಗ್ನ ಇದ್ದರೆ ಆರು ತಿಂಗಳು ಮೊದಲೇ ಬನ್ನಿ.