ಸಮುರಾಯ್‌ಗಳು ಜಪಾನಿನ ನೈಟ್‌ಗಳೇ?

ಪ್ರಶ್ನೆ: ಯುರೋಪಿನ ನೈಟ್ ಮತ್ತು ಜಪಾನಿನ ಸಮುರಾಯ್, ಇಬ್ಬರೂ ಜಮೀನಿಗಾಗಿ ಒಡೆಯನ ಪರ ಕಾದಾಡಿದವರಲ್ಲವೇ? ಹಾಗಿದ್ದರೆ ಎರಡೂ ಕಡೆಯ ಊಳಿಗಮಾನ್ಯ ಪದ್ಧತಿ ಒಂದೇ ಎನ್ನಬಹುದೇ?

ಉತ್ತರ: ಯಾವ ಶತಮಾನದ ಸಮುರಾಯ್ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. 13ನೇ ಶತಮಾನದಲ್ಲಿ ಇಬ್ಬರ ನಡುವೆ ಸಾಕಷ್ಟು ಹೋಲಿಕೆಯಿತ್ತು. 17ನೆಯದರ ಹೊತ್ತಿಗೆ ಅದರಲ್ಲಿ ಬಹುಪಾಲು ಉಳಿದಿರಲಿಲ್ಲ.

ಯುರೋಪಿನ ಸಾಮಂತನು ಒಡೆಯನ ಮುಂದೆ ಮಂಡಿಯೂರಿ, ಜೋಡಿಸಿದ ಕೈಗಳನ್ನು ಅವನ ಅಂಗೈಗಳ ನಡುವೆ ಇಟ್ಟು ನಿಷ್ಠೆಯ ಪ್ರಮಾಣ ಮಾಡಿ ಭೂಮಿ ಪಡೆಯುತ್ತಿದ್ದನು. ಈ ಕರಾರು ಇಬ್ಬರಿಗೂ ಅನ್ವಯಿಸುತ್ತಿತ್ತು: ಹಲವೆಡೆ ಯುದ್ಧಸೇವೆ ವರ್ಷಕ್ಕೆ 40 ದಿನವೆಂಬ ರೂಢಿಯಿತ್ತು, ಒಡೆಯನೇ ಮಾತಿಗೆ ತಪ್ಪಿದರೆ ಸಾಮಂತನು ಸಂಬಂಧ ಕಡಿದುಕೊಳ್ಳಬಹುದಿತ್ತು.

ಕಾಮಾಕುರಾ ಪಟ್ಟಣದಿಂದ ಯೋಧರ ಸರ್ಕಾರ ಆಳುತ್ತಿದ್ದ ಕಾಮಾಕುರಾ ಕಾಲದ (12ನೆಯ ಶತಮಾನದ ಕೊನೆಯಿಂದ 14ನೆಯದರ ಆರಂಭದವರೆಗೆ) ಜಪಾನಿನಲ್ಲಿ ಯೋಧನಿಗೆ ಸಿಗುತ್ತಿದ್ದುದು ಸಾಮಾನ್ಯವಾಗಿ ಪೂರ್ಣ ಒಡೆತನವಲ್ಲ, ಜಮೀನಿನ ಹುಟ್ಟುವಳಿಯಲ್ಲಿ ಪಾಲು ತರುವ ‘ಜಿತೋ’ ಎಂಬ ಹುದ್ದೆ. ಅದೇ ಹುಟ್ಟುವಳಿಯಲ್ಲಿ ಕ್ಯೋಟೋದ ಕುಲೀನ ಮನೆತನಕ್ಕೋ ದೇವಾಲಯಕ್ಕೋ ಬೇರೆ ಪಾಲಿರುತ್ತಿತ್ತು. ಆದರೂ ದುಡಿದದ್ದಕ್ಕೆ ಪ್ರತಿಫಲ ಬರಲೇಬೇಕೆಂಬ ಹಕ್ಕಿನ ಭಾವನೆ ಗಟ್ಟಿಯಾಗಿತ್ತು. 1274ರಲ್ಲಿ ಮಂಗೋಲರ ವಿರುದ್ಧ ಕಾದಾಡಿದ ಕ್ಯೂಶೂ ದ್ವೀಪದ ತಾಕೆಜಾಕಿ ಸುಯೆನಾಗಾ, ಬಹುಮಾನ ಬರಲಿಲ್ಲವೆಂದು ಕುದುರೆ, ಜೀನುಗಳನ್ನು ಮಾರಿ ದಾರಿಖರ್ಚು ಹೊಂದಿಸಿಕೊಂಡು, ಮರುವರ್ಷ ದೂರದ ಕಾಮಾಕುರಾಕ್ಕೆ ಹೋಗಿ ಅಧಿಕಾರಿಯೆದುರು ವಾದಿಸಿ, ಕೊನೆಗೆ ಜಿತೋ ಹುದ್ದೆಯನ್ನು ಪಡೆದೇ ಮರಳಿದನು. ಅಷ್ಟೇ ಅಲ್ಲ, ಆ ಸಾಹಸವನ್ನೆಲ್ಲ ಚಿತ್ರಸುರುಳಿಯಲ್ಲಿ ಬರೆಸಿಯೂ ಇಟ್ಟನು. ಏನನ್ನೂ ಬಯಸದೆ ಪ್ರಾಣ ಕೊಡುವ ಸಮುರಾಯ್ ಎಂಬ ಚಿತ್ರ ಹೆಚ್ಚಾಗಿ ರೂಪುಗೊಂಡದ್ದು, ವಿಚಿತ್ರವೆಂದರೆ, ಯುದ್ಧಗಳು ನಿಂತ ಮೇಲೆ.

ತಿರುವು ಬಂದದ್ದು 16ನೇ ಶತಮಾನದ ಕೊನೆಯಲ್ಲಿ. 1588ರಲ್ಲಿ ಜಪಾನನ್ನು ಒಗ್ಗೂಡಿಸುತ್ತಿದ್ದ ಸೇನಾನಾಯಕ ತೊಯೊತೊಮಿ ಹಿದೆಯೋಶಿ ರೈತರಿಂದ ಆಯುಧಗಳನ್ನು ಕಸಿದುಕೊಂಡನು. ಯೋಧ ಬೇರೆ, ರೈತ ಬೇರೆ ಎಂಬ ಗೆರೆ ಬಿಗಿಯಾಯಿತು. ಮುಂದೆ ತೊಕುಗಾವಾ ಮನೆತನದ ಶೋಗನ್‌ಗಳ (ದೇಶವನ್ನಾಳುತ್ತಿದ್ದ ಸೇನಾಧಿಪತಿಗಳ) ಆಳ್ವಿಕೆಯಲ್ಲಿ ಬಹುತೇಕ ಸಮುರಾಯ್‌ಗಳು ಹಳ್ಳಿ ಬಿಟ್ಟು ಕೋಟೆಪಟ್ಟಣ ಸೇರಿ, ‘ಕೊಕು’ ಲೆಕ್ಕದಲ್ಲಿ ಅಕ್ಕಿಯ ಸಂಬಳ ಪಡೆಯುವ ನೌಕರರಾದರು. ಒಂದು ಕೊಕು ಎಂದರೆ ಸುಮಾರು 180 ಲೀಟರ್, ಒಬ್ಬನ ವರ್ಷದ ಅಕ್ಕಿಯೆಂದು ಎಣಿಸುತ್ತಿದ್ದರು. ಅವರ ಒಡೆಯನಾದ ದೈಮ್ಯೋನನ್ನೂ (ಸೀಮೆಯ ಪ್ರಭುವನ್ನೂ) ಶೋಗನ್ ಬೇರೆ ಸೀಮೆಗೆ ವರ್ಗಾಯಿಸಬಹುದಿತ್ತು, ಅವನ ಸೀಮೆಯನ್ನು ಮುಟ್ಟುಗೋಲು ಹಾಕಬಹುದಿತ್ತು. ಯುರೋಪಿನಲ್ಲಾದರೋ ಸೇವೆಗೆಂದು ಕೊಟ್ಟ ಭೂಮಿ ತಲೆಮಾರುಗಳಲ್ಲಿ ಕುಟುಂಬದ ಆಸ್ತಿಯಾಗಿ ಬೇರೂರಿತು.

ಹಾಗಾಗಿಯೇ ಫ್ರಾನ್ಸಿನಲ್ಲಿ 1789ರ ಕ್ರಾಂತಿಯು ಶ್ರೀಮಂತರ ಭೂಹಕ್ಕುಗಳಿಗೇ ಕೈಹಾಕಬೇಕಾಯಿತು. ಶೋಗನ್ ಆಳ್ವಿಕೆ ಕೊನೆಗೊಂಡ ಮೇಲೆ 1868ರಲ್ಲಿ ಬಂದ ಜಪಾನಿನ ಮೇಜಿ ಸರ್ಕಾರಕ್ಕೆ ಬಹುತೇಕ ಸಮುರಾಯ್‌ಗಳಿಂದ ಕಸಿಯಲು ಜಮೀನೇ ಇರಲಿಲ್ಲ. 1876ರಲ್ಲಿ ಅದು ಅವರ ವಂಶಪಾರಂಪರ್ಯ ಸಂಬಳವನ್ನು ಸರ್ಕಾರಿ ಬಾಂಡುಗಳಾಗಿ ಬದಲಾಯಿಸಿ ಲೆಕ್ಕ ಮುಗಿಸಿತು.