ಹಳೇ ಸೀರೆಗೆ ಕತ್ತರಿ ಹಾಕುವ ಮೊದಲು

"ಅಕ್ಕೋರ, ನಮ್ಮವ್ವನ ಹಳೇ ಸೀರಿ ಅದ, ಏನರ ಹೊಲಿಬಹುದಾ?" ಧಾರವಾಡದಲ್ಲಿ ನನ್ನ ಹೊಲಿಗೆ ತರಗತಿಗೆ ಬರುವವರಲ್ಲಿ ಹೆಚ್ಚಿನವರು ಮೊದಲ ವಾರವೇ ಇದನ್ನು ಕೇಳುತ್ತಾರೆ. ಕೇಳುವಾಗಲೇ ಒಂದು ಕೈಯಲ್ಲಿ ಸೀರೆ, ಇನ್ನೊಂದು ಕೈಯಲ್ಲಿ ಕತ್ತರಿ. ಕತ್ತರಿ ಕೆಳಗಿಡಿ, ಕಿಟಕಿ ಹತ್ತಿರ ಬನ್ನಿ ಅನ್ನುತ್ತೇನೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ಹುಡುಗಿ ತೀರಿಕೊಂಡ ತಾಯಿಯ ಇಳಕಲ್ ಸೀರೆ ತಂದು ಕುಷನ್ ಕವರ್ ಕೇಳಿದ್ದಳು. ಚೆಂದದ ಭಾಗ ನೋಡಿ ಕತ್ತರಿಸಿ ಹೊಲಿದುಕೊಟ್ಟೆ. ಹದಿನೈದು ದಿನಕ್ಕೆ ಮೂರು ಕವರ್ ನಟ್ಟನಡುವೆ ಹರಿದವು. ಆ ಸೀರೆ ಮತ್ತೆ ಸಿಗುವಂಥದ್ದಲ್ಲ ಅಲ್ವಾ? ಅವಳ ಮುಖ ನನಗೆ ಇನ್ನೂ ನೆನಪಿದೆ.

ಸೀರೆ ಎಲ್ಲ ಕಡೆ ಒಂದೇ ಥರ ಸವೆಯುವುದಿಲ್ಲ. ನೆರಿಗೆಯ ಕೆಳಗಿನ ಅಂಚು ಹಿಮ್ಮಡಿಗೆ ತಾಗಿ ನವೆಯುತ್ತದೆ. ಸೊಂಟಕ್ಕೆ ಸಿಕ್ಕಿಸುವ ಜಾಗ ಬೆವರಿಗೆ ಪೊಳ್ಳಾಗುತ್ತದೆ. ಹೆಗಲ ಮೇಲೆ ಪಿನ್ನಿನ ತೂತುಗಳು. ಆದರೆ ಸೆರಗಿನ ಎದುರು ತುದಿ, ಅಂದರೆ ಉಡುವಾಗ ಮೊದಲ ಸುತ್ತಿಗೆ ಒಳಗೆ ಹೋಗುವ ಭಾಗ, ಬಿಸಿಲು ಕಂಡಿರುವುದೇ ಕಡಿಮೆ. ಬಣ್ಣ ಅಲ್ಲಿ ಹೊಸದರಂತೆ ಉಳಿದಿರುತ್ತದೆ.

ಸೀರೆಯನ್ನು ಬೆಳಕಿಗೆ ಹಿಡಿಯಿರಿ. ನೇಯ್ಗೆ ಜಾಳಾದ ಕಡೆಯೆಲ್ಲ ಬೆಳಕು ಜಾಸ್ತಿ ತೂರಿ ಬರುತ್ತದೆ. ಅಲ್ಲಿ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಆಮೇಲೆ ಎರಡು ಹೆಬ್ಬೆರಳು ಪಕ್ಕಪಕ್ಕ ಇಟ್ಟು ಬಟ್ಟೆ ಎಳೆಯಿರಿ, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಸಣ್ಣಗೆ ಚರ್ ಅಂತ ಸದ್ದು ಬಂದರೆ ಆ ಭಾಗ ಎಳೆತ ತಡೆಯುವುದಿಲ್ಲ. ಬಿಸಾಡಬೇಡಿ, ಅದಕ್ಕೂ ಕೆಲಸವಿದೆ. ಬಣ್ಣ ಬಿಡುತ್ತದೋ ಅಂತ ಅನುಮಾನವಿದ್ದರೆ ಒದ್ದೆ ಬಿಳಿ ಬಟ್ಟೆಯನ್ನು ಮೇಲಿಟ್ಟು ಇಸ್ತ್ರಿಪೆಟ್ಟಿಗೆ ಒತ್ತಿ ನೋಡಿ. ಬಿಳಿ ಬಟ್ಟೆಗೆ ಬಣ್ಣ ಹತ್ತಿದರೆ ಆ ಸೀರೆಯನ್ನು ಬೇರೆ ಬಟ್ಟೆ ಜೊತೆ ಸೇರಿಸಿ ಹೊಲಿಯಬೇಡಿ.

ಗಟ್ಟಿ ಭಾಗದಲ್ಲಿ ಮೊದಲು ಕುಷನ್ ಕವರ್ ಹೊಲಿಯಿರಿ. ಜಿಪ್ ಬೇಡ, ಗುಂಡಿ ಬೇಡ. 16 ಇಂಚಿನ ಕುಷನ್ನಿಗೆ ಸೀರೆಯ ಉದ್ದದಲ್ಲಿ 17 ಇಂಚು ಅಳೆದು ಅಡ್ಡಕ್ಕೆ ಪೂರ್ತಿ ಕತ್ತರಿಸಿ. ಸೀರೆಯ ಅಗಲ ಸಾಮಾನ್ಯವಾಗಿ 45 ಇಂಚಿನ ಆಸುಪಾಸು ಇರುತ್ತದೆ. ಎರಡೂ ತುದಿಗೆ ನೇಕಾರರೇ ಕೊಟ್ಟ ಅಂಚಿದೆ, ಹಾಗಾಗಿ ಮಡಿಚಿ ಹೊಲಿಯುವ ಕೆಲಸ ತಪ್ಪಿತು. ತುಂಡನ್ನು ಚೆಂದದ ಮೈ ಮೇಲೆ ಬರುವಂತೆ ಹಾಸಿ. ನಡುವಿನ 16 ಇಂಚು ಬಿಟ್ಟು ಎರಡೂ ತುದಿಗಳನ್ನು ಒಳಗೆ ಮಡಿಚಿ. ತುದಿಗಳು ಒಂದರ ಮೇಲೊಂದು 13 ಇಂಚಿನಷ್ಟು ಕೂರುತ್ತವೆ. ಯಾವ ಅಂಚು ಹೊರಗೆ ಕಾಣಬೇಕೋ ಅದನ್ನು ಮೊದಲು ಮಡಿಚಿ. ತಿರುವಿದಾಗ ಅದೇ ಮೇಲೆ ಬರುತ್ತದೆ. ಕತ್ತರಿಸಿದ ಎರಡು ಬದಿಗೆ ಅರ್ಧ ಇಂಚು ಮಾರ್ಜಿನ್ ಬಿಟ್ಟು ಎರಡೇ ನೇರ ಹೊಲಿಗೆ ಹಾಕಿ ತಿರುವಿ. ಕವರ್ ಮುಗಿಯಿತು. ಒಳಗಿನ ಬಿಡಿ ಎಳೆಗಳಿಗೆ ಓವರ್‌ಲಾಕ್, ಅಂದರೆ ಅಂಚನ್ನು ಸುತ್ತಿ ಹಿಡಿಯುವ ಹೊಲಿಗೆ, ಮಾಡಿಸಿದರೆ ಒಗೆದಾಗ ಬಿಚ್ಚಿಕೊಳ್ಳುವುದಿಲ್ಲ.

ಮಿಷನ್ನಿನಲ್ಲಿ ಹೊಲಿಯುವವರು ಒಂದು ಮಾತು ನೆನಪಿಡಿ. ಹಳೇ ಬಟ್ಟೆಗೆ ತೀರಾ ಸಣ್ಣ ಹೊಲಿಗೆ ಹಾಕಬೇಡಿ. ಸೂಜಿಯ ತೂತುಗಳು ಒತ್ತೊತ್ತಾಗಿ ಬಿದ್ದರೆ ಬಟ್ಟೆ ಆ ಸಾಲಿನಲ್ಲೇ ಅಂಚೆಚೀಟಿಯ ಹಾಳೆಯಂತೆ ಬಿಡಿಸಿಕೊಳ್ಳುತ್ತದೆ. ಇಂಚಿಗೆ 10 ಹೊಲಿಗೆ ಸಾಕು. ಕಾಟನ್ನಿಗೆ 14 ನಂಬರ್ ಸೂಜಿ, ಅದೂ ಹೊಸದು.

ಸೆರಗಿನಲ್ಲಿ ಪುಟ್ಟ ಮಗಳಿಗೆ ಲಂಗವಾಗುತ್ತದೆ. ಸೊಂಟಕ್ಕೆ ಎಲಾಸ್ಟಿಕ್ ಸೇರಿಸಿದರೆ ಎರಡು ವರ್ಷ ಹಾಕಬಹುದು. ರೇಷ್ಮೆ ಸೀರೆಯ ವಿಷಯ ಬೇರೆ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿ ಇಟ್ಟ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ದಿನಬಳಕೆಗೆ ಅದು ಬೇಡ. ಅಂಚು ಮಾತ್ರ ಬಿಡಿಸಿ ಬೇರೆ ಬಟ್ಟೆಗೆ ಹಚ್ಚಿ. ಅಸಲಿ ಜರಿಯಲ್ಲಿ ಬೆಳ್ಳಿ ಇರುತ್ತದೆ, ಕತ್ತರಿಸುವ ಮೊದಲು ತಿಳಿದವರಿಗೆ ತೋರಿಸಿ.

ಇನ್ನು ಚಾಕ್‌ಪೀಸಿನ ಗುರುತು ಬಿದ್ದ ಆ ನವೆದ ಬಟ್ಟೆ. ಅದಕ್ಕೆ ಕೌದಿಗಿಂತ, ಅಂದರೆ ಹಳೇ ಬಟ್ಟೆ ಪದರ ಪದರ ಸೇರಿಸಿ ಹೊಲಿಯುವ ಹೊದಿಕೆಗಿಂತ, ಒಳ್ಳೆಯ ಜಾಗವಿಲ್ಲ. ನಾನು ಕಲಿಸುವುದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟದ ಕೆಲಸವೂ ಇದೇ. ಒಂಟಿಯಾಗಿ ಹರಿಯುವ ಬಟ್ಟೆ ನಾಲ್ಕು ಪದರದಲ್ಲಿ ಸೇರಿ ಹೊಲಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಎಳೆತವೆಲ್ಲ ಸಾವಿರಾರು ಹೊಲಿಗೆಗೆ ಹಂಚಿಹೋಗುತ್ತದೆ. ಎಷ್ಟೋ ಸಲ ನೀರು ಕಂಡ ಕಾಟನ್ ಆದ್ದರಿಂದ ಇನ್ನು ಕುಗ್ಗುವುದೂ ಇಲ್ಲ. ಮಗುವಿನ ಮೈಗೆ ಅಷ್ಟು ಮೆತ್ತಗಿನ ಹೊಸ ಬಟ್ಟೆಯನ್ನು ನಾನಂತೂ ನೋಡಿಲ್ಲ.

ಮೊದಲ ಸಲಕ್ಕೆ 36 ಇಂಚು ಉದ್ದ, 30 ಇಂಚು ಅಗಲದ ಕೂಸಿನ ಕೌದಿ ಸಾಕು. ನವೆದದ್ದು ನಡುವೆ, ಗಟ್ಟಿಯದು ಮೇಲೆ ಕೆಳಗೆ. ಸೂಜಿ, ದಪ್ಪ ಕಾಟನ್ ದಾರಕ್ಕೆ 50 ರೂಪಾಯಿ ಖರ್ಚಾದರೆ ಜಾಸ್ತಿ. ನಾಲ್ಕೂ ಅಂಚು ಒಳಗೆ ಮಡಿಚಿ, ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ಸುತ್ತುತ್ತ ನಡುವಿಗೆ ಬನ್ನಿ. ಸಾಲಿನಿಂದ ಸಾಲಿಗೆ ಒಂದು ಬೆರಳಗಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವುದು ಹೀಗೆಯೇ. ಮೂಲೆಗಳಿಗೆ ಮಡಿಚಿದ ಪುಟ್ಟ ತುಂಡು ಸೇರಿಸುತ್ತಾರೆ, ಅದಕ್ಕೆ ಫುಲಾ ಅನ್ನುತ್ತಾರೆ.

ದಾರ ಬಿಗಿಯಾಗಿ ಎಳೆಯಬೇಡಿ. ನಾಲ್ಕೈದು ಹೊಲಿಗೆಗೊಮ್ಮೆ ಅಂಗೈಯಿಂದ ಬಟ್ಟೆ ಸವರಿ, ಸುಕ್ಕನ್ನು ಒಳಗಿನ ಕಡೆಗೆ ತಳ್ಳುತ್ತ ಹೋಗಿ. ನಡುವಿಗೆ ಬರುವಷ್ಟರಲ್ಲಿ ಅಲ್ಲೊಂದು ಸಣ್ಣ ಉಬ್ಬು ಉಳಿದೀತು. ಬಿಚ್ಚಲು ಹೋಗಬೇಡಿ, ಒಂದು ಒಗೆತಕ್ಕೆ ಅದು ಕೂರುತ್ತದೆ.