ಹಮಾ, ಜೆಟ್ ಮತ್ತು ಹೆಸರಿಲ್ಲದ ಮುದುಕ: ಪ್ರತಿನಾಯಕರ ನೈತಿಕತೆಯನ್ನು ತೂಗುವ ಬಗೆ

ಕಲಬುರಗಿಯಲ್ಲಿ ಕನ್ನಡ ಎಂ.ಎ. ಓದುತ್ತಿರುವ ನಮ್ಮ ಬಳಗದಲ್ಲಿ ರನ್ನನ ದುರ್ಯೋಧನನ ಮಾತು ಬಂದಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ರಣರಂಗದ ಶವಗಳ ನಡುವೆ ಕರ್ಣನಿಗಾಗಿ ಮರುಗುವ, ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯವನ್ನೂ ಕೊಂಡಾಡುವ ಪ್ರತಿನಾಯಕನ ದುಃಖ ನಮಗೆ ಅರ್ಥವಾದ ಮೇಲೆ ಅವನ ತಪ್ಪನ್ನು ತೂಗುವುದು ಹೇಗೆ? 2005ರಿಂದ 2008ರವರೆಗೆ 61 ಕಂತುಗಳಲ್ಲಿ ಪ್ರಸಾರವಾದ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಅನಿಮೇಷನ್ ಸರಣಿಯನ್ನು ಈ ಪ್ರಶ್ನೆಯೊಂದಿಗೆ ನೋಡಿದರೆ, ಉತ್ತರವು ದೊಡ್ಡ ಖಳರಿಗಿಂತ ಒಂದೆರಡು ಕಂತುಗಳಲ್ಲಿ ಬಂದು ಮರೆಯಾಗುವ ಪೋಷಕ ಪಾತ್ರಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಸಿಗುತ್ತದೆ.

ಉಳಿದ ನಾಡುಗಳ ಮೇಲೆ ಯುದ್ಧ ಹೂಡಿರುವ ಅಗ್ನಿ ರಾಷ್ಟ್ರದ ದೊರೆ, ಸರಣಿಯ ಮುಖ್ಯ ಖಳ ಓಜಾಯಿಯನ್ನು ಇಲ್ಲಿ ಬೇಗನೆ ದಾಟಬಹುದು. ಮೂರನೆಯ ಭಾಗದವರೆಗೆ ಅವನ ಮುಖವನ್ನೇ ಸರಿಯಾಗಿ ತೋರಿಸುವುದಿಲ್ಲ. ತೋರಿಸಿದ ಮೇಲೂ ಅವನ ಕ್ರೌರ್ಯದಲ್ಲಿ ಚರ್ಚೆಗೆ ಎಡೆಯಾಗುವಂಥ ಒಳತೋಟಿ ಕಾಣುವುದಿಲ್ಲ.

ತೊಡಕು ಆರಂಭವಾಗುವುದು ಹಮಾ ಎಂಬ ವೃದ್ಧೆಯಿಂದ. ಮೂರನೆಯ ಭಾಗದ ಎಂಟನೆಯ ಕಂತಿನಲ್ಲಿ ಬರುವ ಈಕೆ ದಕ್ಷಿಣದ ಜಲ ಬುಡಕಟ್ಟಿನವಳು. ಅಗ್ನಿ ರಾಷ್ಟ್ರದ ದಾಳಿಗಳಲ್ಲಿ ಸೆರೆಸಿಕ್ಕವಳು. ಸೆರೆಮನೆಯಲ್ಲಿ ಜಲವಿದ್ಯೆ, ಅಂದರೆ ನೀರನ್ನು ಇಚ್ಛೆಯಂತೆ ಆಡಿಸುವ ವಿದ್ಯೆ, ಬಲ್ಲವರಿಗೆ ಹನಿ ನೀರೂ ಕೈಗೆ ದೊರೆಯದಂತೆ ಒಣಗಾಳಿಯನ್ನು ಹಾಯಿಸುತ್ತಾರೆ, ಕುಡಿಯಲು ನೀರು ಕೊಡುವ ಮೊದಲು ಕೈಕಾಲು ಕಟ್ಟುತ್ತಾರೆ. ಆದರೆ ಜೀವವಿರುವ ಪ್ರತಿಯೊಂದರಲ್ಲೂ ನೀರಿದೆ ಎಂಬುದನ್ನು ಅವಳು ಕಂಡುಕೊಳ್ಳುತ್ತಾಳೆ. ಹುಣ್ಣಿಮೆಯ ರಾತ್ರಿಗಳಲ್ಲಿ ಮೊದಲು ಇಲಿಗಳ ಮೇಲೆ, ಅನಂತರ ಕಾವಲುಗಾರನ ಮೇಲೆ ರಕ್ತವನ್ನೇ ಆಳುವ ವಿದ್ಯೆಯನ್ನು ಪ್ರಯೋಗಿಸಿ ಅವಳು ತಪ್ಪಿಸಿಕೊಳ್ಳುತ್ತಾಳೆ.

ಇಲ್ಲಿಯವರೆಗೆ ನಮ್ಮ ಮನಸ್ಸು ಪೂರ್ತಿಯಾಗಿ ಅವಳ ಕಡೆಗಿರುತ್ತದೆ, ಇರಬೇಕಾದದ್ದೂ ಹಾಗೆಯೇ. ಮುಂದಿನ ಹೆಜ್ಜೆಯಲ್ಲಿ ಮಾತ್ರ ಎರಡು ಪ್ರಶ್ನೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುತ್ತವೆ: ಅವಳಿಗೆ ಏನಾಯಿತು ಎಂಬುದು ಒಂದು, ಅವಳು ಏನು ಮಾಡಿದಳು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಕೊಟ್ಟ ಉತ್ತರವನ್ನೇ ಎರಡನೆಯದಕ್ಕೂ ಕೊಟ್ಟರೆ ಅವಳು ಬರಿಯ ಸಂತ್ರಸ್ತೆಯಾಗುತ್ತಾಳೆ. ಮೊದಲನೆಯದನ್ನು ಬಿಟ್ಟುಬಿಟ್ಟರೆ ಬರಿಯ ರಾಕ್ಷಸಿಯಾಗುತ್ತಾಳೆ. ಎರಡನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದುಕೊಂಡು, ಎರಡನೆಯ ಹಾಳೆಯ ಮೇಲೆ ‘ಏಟು ಬಿದ್ದದ್ದು ಯಾರಿಗೆ’ ಎಂದು ಕೇಳುವುದು ನನಗೆ ಅತ್ಯಂತ ಪ್ರಿಯವಾದ ಒಳದಾರಿ. ಕಾವಲುಗಾರನನ್ನು ಮಣಿಸಿ ಬಾಗಿಲು ತೆರೆಸಿದಾಗ ಏಟು ಬಿದ್ದದ್ದು ಅವಳನ್ನು ಕೂಡಿಹಾಕಿದವನಿಗೆ. ವರ್ಷಗಳ ನಂತರ ಛತ್ರ ನಡೆಸುತ್ತ, ಹುಣ್ಣಿಮೆಗಳಂದು ಊರ ಜನರನ್ನು ಎಳೆದೊಯ್ದು ಬೆಟ್ಟದೊಳಗೆ ಸಂಕೋಲೆಯಲ್ಲಿಟ್ಟಾಗ ಏಟು ಬಿದ್ದದ್ದು ಅವಳ ಸೆರೆಮನೆಯನ್ನು ಕಂಡೂ ಇರದವರಿಗೆ. ವಿದ್ಯೆ ಒಂದೇ, ಗಾಯವೂ ಒಂದೇ. ನೈತಿಕತೆ ಬೇರೆಯಾಗುವುದು ಈ ಒಂದು ಜಾಗದಲ್ಲಿ.

ಜೆಟ್‌ನ ಪ್ರಸಂಗಕ್ಕೂ ಇದೇ ಅಳತೆ ಹೊಂದುತ್ತದೆ. ಅಗ್ನಿ ಸೈನಿಕರಿಂದ ತಂದೆತಾಯಿಯನ್ನು ಕಳೆದುಕೊಂಡ ಈ ಹುಡುಗ, ಸೈನಿಕರು ಬೀಡುಬಿಟ್ಟ ಊರನ್ನು ಅಣೆಕಟ್ಟು ಒಡೆದು ಜನರ ಸಮೇತ ಮುಳುಗಿಸಲು ಹೊರಡುತ್ತಾನೆ. ಅದಕ್ಕೂ ಮುಂಚೆ ಕಾಡುದಾರಿಯಲ್ಲಿ ಅವನು ಅಗ್ನಿ ರಾಷ್ಟ್ರದ ಒಬ್ಬ ಮುದುಕನನ್ನು ಹೊಡೆದು ದೋಚುವಾಗ ನಾಯಕರ ತಂಡದ ಹುಡುಗ ಸೊಕ್ಕ ತಡೆಯಲು ಮುಂದಾಗಿರುತ್ತಾನೆ. ಮುಂದೆ ಸೊಕ್ಕ ಊರನ್ನು ಎಚ್ಚರಿಸಲು ಓಡಿದಾಗ ಜನ ಅವನನ್ನು ನಂಬುವುದಿಲ್ಲ, ಸೈನಿಕರು ಗೂಢಚಾರನೆಂದೇ ತಿಳಿಯುತ್ತಾರೆ. ಆಗ ಸೊಕ್ಕನ ಪರವಾಗಿ ಮಾತಾಡಿ ಊರನ್ನು ಖಾಲಿ ಮಾಡಿಸುವವನು ಆ ಮುದುಕನೇ. ಅವನಿಗೆ ಹೆಸರಿಲ್ಲ. ಜನರು ಪಾರಾದ ಕ್ಷಣವನ್ನೂ ನಾವು ತೆರೆಯ ಮೇಲೆ ಕಾಣುವುದಿಲ್ಲ, ಸೊಕ್ಕನ ಬಾಯಿಂದ ಕೇಳುತ್ತೇವೆ. ನಮ್ಮ ಭಾಗದ ದೊಡ್ಡಾಟದಲ್ಲಿ ರಂಗಕ್ಕೆ ಬಂದ ಪಾತ್ರವನ್ನು ಸಾರಥಿ ನಿಲ್ಲಿಸಿ ‘ತಾವು ಯಾರು’ ಎಂದು ವಿಚಾರಿಸುತ್ತಾನೆ. ಅಂಥ ಒಂದು ಪ್ರಶ್ನೆಯ ಅವಕಾಶ ಈ ಮುದುಕನಿಗೆ ಸಿಕ್ಕಿದ್ದರೆ ಕಂತಿನ ತೂಕವೇ ಬೇರೆಯಾಗುತ್ತಿತ್ತೆಂದು ನಾನು ದೃಢವಾಗಿ ನಂಬುತ್ತೇನೆ.

ಓಜಾಯಿಯ ಮಗಳು ಅಜೂಲಾಳ ಗೆಳತಿಯರಾದ ಟೈ ಲೀ ಮತ್ತು ಮಾಯ್ ವಿಷಯದಲ್ಲಿಯೂ ಸರಣಿ ಜಿಪುಣತನ ತೋರಿದೆ. ಸರ್ಕಸ್ಸಿನಲ್ಲಿ ಸುಖವಾಗಿದ್ದ ಟೈ ಲೀ ಅಜೂಲಾಳ ಜೊತೆಗೆ ಹೊರಡುವುದು, ಅಜೂಲಾ ಆಟದ ನಡುವೆ ಕೆಳಗಿನ ಬಲೆಗೆ ಬೆಂಕಿ ಹಚ್ಚಿಸಿದ ನಂತರ. ಇಂಥ ಒತ್ತಾಯದಲ್ಲಿ ಮಾಡಿದ ತಪ್ಪಿಗೆ ಎಷ್ಟು ಹೊಣೆ ಎಂಬ ಗಂಭೀರವಾದ ಪ್ರಶ್ನೆ ಅಲ್ಲಿದೆ. ಮೂರನೆಯ ಭಾಗದಲ್ಲಿ ಇಬ್ಬರೂ ಅಜೂಲಾಳಿಗೆ ತಿರುಗಿಬಿದ್ದು ಸೆರೆಮನೆ ಸೇರುತ್ತಾರೆ. ಅಲ್ಲಿಂದ ಕೊನೆಯ ಕಂತಿನ ಕೆಲವು ಕ್ಷಣಗಳವರೆಗೆ ಅವರ ಸುದ್ದಿಯೇ ಇಲ್ಲ.

ಚರ್ಚೆಗೆ ಸಿದ್ಧರಾಗುವವರು ಜೆಟ್‌ನ ಕಂತು, ಹಮಾಳ ಕಂತು, ಅನಂತರ ಅದೇ ಮೂರನೆಯ ಭಾಗದ ಹದಿನಾರನೆಯ ಕಂತು, ಹೀಗೆ ಸಾಲಾಗಿ ನೋಡಿರಿ. ಈ ಕೊನೆಯದರಲ್ಲಿ ತಾಯಿಯನ್ನು ಕೊಂದವನನ್ನು ಹುಡುಕಿ ಹೊರಟ ಸೊಕ್ಕನ ತಂಗಿ ಕಟಾರಾ, ಹಮಾಳನ್ನು ತಡೆಯಲು ತಾನು ಬಳಸಬೇಕಾಗಿ ಬಂದಿದ್ದ ಆ ರಕ್ತವನ್ನಾಳುವ ವಿದ್ಯೆಯನ್ನೇ ಹಡಗಿನ ಸೇನಾನಿಯ ಮೇಲೆ ಪ್ರಯೋಗಿಸುತ್ತಾಳೆ. ಅವನ ಮುಖವನ್ನು ನೋಡಿದಾಗ ಇವನು ಅವನಲ್ಲ ಎಂದು ಅವಳಿಗೆ ತಿಳಿಯುತ್ತದೆ. ಅಂದರೆ ಏಟು ಬಿದ್ದದ್ದು ಬೇರೆಯವನಿಗೆ, ಅದೂ ನಾಯಕಿಯ ಕೈಯಿಂದ. ಹಮಾಳಿಗೆ ಹಾಕಿದ ಅಳತೆಯನ್ನು ಕಟಾರಾಳಿಗೂ ಹಾಕಿ ಉತ್ತರ ಬರೆಯಿರಿ.